ಪದಕ್ಕೊಂದು ಪೇಟ

ಇಂಗ್ಲಿಷ್ ಪದ ಒಂಟಿಯಾಗಿ ಓಡಾಡುವಾಗ ಸಾಧು. ತಲೆಗೊಂದು ಪ್ರಿಫಿಕ್ಸ್ ಸುತ್ತಿ ನೋಡಿ, ಗತ್ತೇ ಬೇರೆ! ಕೋಲಾರ ಸೀಮೆಯವರಿಗೆ ಇದನ್ನು ಗ್ರಾಮರ್ ಮೇಷ್ಟ್ರು ಹೇಳಿಕೊಡಬೇಕಿಲ್ಲ. ಹೆಂಚಿಗೆ ಹೆಸರಾದ ಮಾಲೂರಿನಲ್ಲಿ ಈಗ ಮಣ್ಣಿಗಿಂತ ಸೈಟಿನ ಮಾತೇ ಜಾಸ್ತಿ. ಜಮೀನಿಗೆ ‘ನೋಟಿಫಿಕೇಷನ್’ ಬಂತೆಂದರೆ ರೈತನ ಎದೆ ಧಸಕ್ಕೆನ್ನುತ್ತದೆ. ಅದರ ಮುಂದೊಂದು ‘ಡಿ’ ಬಿದ್ದರೆ ಮನೆಯಲ್ಲಿ ಒಬ್ಬಟ್ಟು. ಒಂದಕ್ಷರಕ್ಕೆ ಎಕರೆಗಟ್ಟಲೆ ಜಮೀನು ವಾಪಸ್!

‘ಎಕ್ಸ್’ ಮಾತ್ರ ಕಟುಕ. ಮುಳಬಾಗಿಲಿನ ದೋಸೆ ಹೋಟೆಲಿಗೆ ಎಂಎಲ್‌ಎ ಬಂದರೆ ಇಡೀ ಬೆಂಚೇ ಎದ್ದು ನಿಲ್ಲುತ್ತದೆ. ಎಕ್ಸ್ ಎಂಎಲ್‌ಎ ಬಂದರೆ, “ಬನ್ನಿ ಸಾರ್, ಸ್ವಲ್ಪ ಆ ಕಡೆ ಜರುಗಿ ಕೂತ್ಕೊಳ್ಳಿ.”

ಇನ್ನು ‘ರೀ’. ನಮ್ಮಲ್ಲಿ ಹೆಂಡತಿ ಗಂಡನನ್ನು ಕೂಗುವುದು, ಇಂಗ್ಲಿಷರಲ್ಲಿ ‘ಮತ್ತೆ’. ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ‘ರೀಓಪನ್’ ಎಂಬ ಮಾತು ಇವತ್ತಿಗೂ ನಿಂತಿಲ್ಲ. ಎರಡು ‘ರೀ’ಗಳಿಗೂ ಓಗೊಡುವವರೇ ಕಡಿಮೆ.

ಆಲಿಕಲ್ಲು ಮಳೆ ಬೀಳುವ ಸೂಚನೆ ಸಿಕ್ಕರೆ ಶ್ರೀನಿವಾಸಪುರದಲ್ಲಿ ಮಾವಿನ ಕೊಯ್ಲನ್ನು ‘ಪ್ರಿಪೋನ್’ ಮಾಡುತ್ತಾರೆ. ಇಂಗ್ಲಿಷರು ಮುಂದೂಡುವುದಕ್ಕಷ್ಟೇ ಪದ ಇಟ್ಟುಕೊಂಡು ಕೂತಿದ್ದರು. ಹಿಂದಕ್ಕೆಳೆಯುವುದನ್ನು ಚಾಲ್ತಿಗೆ ತಂದವರು ನಾವು. ಆಕ್ಸ್‌ಫರ್ಡ್ ನಿಘಂಟೂ ಒಪ್ಪಿಕೊಂಡು ಒಳಗೆ ಬಿಟ್ಟುಕೊಂಡಿದೆ.

ನಂಬಿಕೆಗೆ ಅರ್ಹವಲ್ಲದ್ದು ‘ಇನ್’. ‘ವಿಸಿಬಲ್’ಗೆ ಅಂಟಿದರೆ ಕಾಣುವುದೂ ಮಾಯ. ‘ಫ್ಲೇಮಬಲ್’ಗೆ ಅಂಟಿದರೆ ಏನೂ ಬದಲಾಗದು, ಹೊತ್ತಿಕೊಳ್ಳುವುದು ಹೊತ್ತಿಕೊಳ್ಳುತ್ತಲೇ ಇರುತ್ತದೆ. ಆದ್ದರಿಂದ ಕೋಲಾರ–ಮುಳಬಾಗಿಲು ಹೈವೇಯಲ್ಲಿ ‘ಇನ್‌ಫ್ಲೇಮಬಲ್’ ಎಂದು ಬರೆದ ಟ್ಯಾಂಕರ್ ನಿಂತಿದ್ದರೆ, ವ್ಯಾಕರಣ ನಂಬಿಕೊಂಡು ಅದರ ಪಕ್ಕ ಬೀಡಿ ಹಚ್ಚಬೇಡಿ, ಸ್ವಾಮಿ.