ಶಕಟರೇಫದವರಿಗೊಂದು ಬಹಿರಂಗ ಪತ್ರ

ಮಾನ್ಯ 'ಱ'ಕಾರದವರಿಗೆ,

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಎರಿ ಹೊಲದ ಒಕ್ಕಲಿಗನ ಶರಣು.

ಸೂಡಿಯ ಹಳೆಯ ಶಾಸನಗಳಲ್ಲಿ ತಾವಿನ್ನೂ ಕಲ್ಲಾಗಿ ಕೂತಿದ್ದೀರಿ. ನಮ್ಮ ನಾಲಿಗೆಯಿಂದ ಮಾತ್ರ ಶತಮಾನಗಳ ಹಿಂದೆಯೇ ಎದ್ದು ಹೋದಿರಿ. ಹೋಗುವಾಗ ತಮ್ಮ ಮನೆಮಂದಿಯನ್ನೆಲ್ಲ ಪಕ್ಕದ 'ರ'ಕಾರದ ಮನೆಗೆ ತಳ್ಳಿದಿರಿ. ಆ ಗದ್ದಲದ ಫಲವನ್ನು ಇಂದು ನಾವು ಉಣ್ಣುತ್ತಿದ್ದೇವೆ.

ತಾವಿದ್ದಾಗ ನೀರು ಹೊಯ್ಯುವುದು 'ಎಱೆ', ಕೈಚಾಚಿ ಬೇಡುವುದು 'ಎರೆ'. ಒಡೆಯ 'ಎಱೆಯ', ಬಾದಾಮಿಯ ಇಮ್ಮಡಿ ಪುಲಕೇಶಿಯ ಮೊದಲ ಹೆಸರೂ ಅದೇ ಎನ್ನುತ್ತಾರೆ. ಮೀನಿಗೆಂದು ಗಾಳಕ್ಕೆ ಚುಚ್ಚುವುದು 'ಎರೆ'. ತಮಿಳರು ಎರಡು ರಕಾರಗಳನ್ನೂ ಉಳಿಸಿಕೊಂಡು ಇವನ್ನು ಇಂದಿಗೂ ಬೇರೆಬೇರೆಯಾಗಿ ಬರೆಯುತ್ತಾರೆ. ನಮ್ಮಲ್ಲಿ ಎಲ್ಲವೂ ಒಂದೇ ಎರೆ. ಸಾಲದ್ದಕ್ಕೆ ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರಿಯುವ, ಮಳೆ ಬಿದ್ದರೆ ಮೆಟ್ಟನ್ನೇ ಕಿತ್ತಿಟ್ಟುಕೊಳ್ಳುವ ನಮ್ಮ ಕರಿಮಣ್ಣೂ ಎರೆಯೇ.

ಅಕ್ಷರ ಸವೆದರೆ ಊರಿಗೂ ಇದೇ ಗತಿ. ಇಂಗ್ಲಿಷ್ ಫಲಕದಲ್ಲಿ ನಮ್ಮ ರೋಣ ಬಾಲ ಕಳೆದುಕೊಂಡು 'ರಾನ್' ಆಗಿದೆ. ಸ್ಪ್ಯಾನಿಷ್ ಬಲ್ಲವರು ಅದನ್ನು ಓದಿದರೆ ರಮ್ಮಿನಂಗಡಿಯ ಬೋರ್ಡು ಎಂದುಕೊಂಡಾರು. ಅವರಲ್ಲಿ ಆ ಮೂರಕ್ಷರಕ್ಕೆ ಅದೇ ಅರ್ಥ.

ನಗುವವರು ನಗಲಿ, ನಮ್ಮ ಗೋಳು ಬೇರೆ. ಎರೆ ಹೊಲಕ್ಕೆ ನೀರು ಎರೆಯಿರಿ ಎಂದು ಎರೆಯರನ್ನು ಎರೆಯಲು 2015ರ ಜುಲೈನಲ್ಲಿ ನರಗುಂದದಲ್ಲಿ ಪೆಂಡಾಲು ಬಿತ್ತು. 2018ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಪಾಲು 3.9. 2020ರಲ್ಲಿ ಗೆಜೆಟ್ ಅಧಿಸೂಚನೆಯೂ ಬಂತು. ನೀರೊಂದು ಬಿಟ್ಟು ಉಳಿದೆಲ್ಲ ಬಂದಿದೆ. ಪ್ರತಿ ಚುನಾವಣೆಗೂ ಭರವಸೆಯಂತೂ ತಪ್ಪದೆ ಬರುತ್ತದೆ.

ಎರೆಯರನ್ನು ದೂರಿ ಏನು ಫಲ? 'ಎರೆಯಿರಿ' ಎಂಬ ಮನವಿಯನ್ನು ಅವರು ಯಾವ ಅರ್ಥದಲ್ಲಿ ಓದಿಕೊಂಡರೋ! ನಿಘಂಟಿನಲ್ಲಿ ಗಾಳದ ಎರೆಯೂ ಇದೆಯಲ್ಲ.

ಆದ್ದರಿಂದ ತಾವು ಒಂದೇ ಒಂದು ದಿನದ ಮಟ್ಟಿಗೆ ಮರಳಿ ಬಂದು ನಮ್ಮ ಮನವಿಪತ್ರದಲ್ಲಿ ಕೂತು ಕೊಡಬೇಕು. ನಾವು ಕೇಳಿದ್ದು 'ಎಱೆ', ನೀರಿನದು. ಗಾಳದ್ದು ಸಾಕಷ್ಟು ನುಂಗಿದ್ದೇವೆ.

ಇಂತಿ ತಮ್ಮ,
ಮಲಪ್ರಭೆ ಕಾಲುವೆಯ ಕೊನೆಯಂಚಿನವ