ಹೋಲ್ಸ್ಟರ್ ಮೀಮಾಂಸೆ

ತುಪ್ಪಕ್ಕೆ ಪಾತ್ರೆ ಆಧಾರವೋ, ಪಾತ್ರೆಗೆ ತುಪ್ಪ ಆಧಾರವೋ ಎಂದು ತಲೆ ಕೆಡಿಸಿಕೊಂಡ ತಾರ್ಕಿಕ, ಪಾತ್ರೆಯನ್ನು ಬೋರಲು ಹಾಕಿ ನೋಡಿ ತುಪ್ಪ ಕಳೆದುಕೊಂಡ ಕಥೆ ಎಲ್ಲರಿಗೂ ಗೊತ್ತು. ಅದೇ ಪ್ರಶ್ನೆಯನ್ನು ಅಮೆರಿಕದ ಗೃಹಸ್ಥ ತನ್ನ ಗ್ಯಾರೇಜಿನಲ್ಲಿ, ಪಿಸ್ತೂಲು ಮತ್ತು ಅದನ್ನಿಡುವ ಚರ್ಮದ ಹೋಲ್ಸ್ಟರಿನ ವಿಷಯದಲ್ಲಿ ಎತ್ತಿಕೊಂಡಿದ್ದಾನೆ. ಏನೂ ಚೆಲ್ಲದೆ ಬಿಡಿಸಿಯೂ ಇದ್ದಾನೆ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟೇ: ಹೋಲ್ಸ್ಟರ್ ಪ್ರಧಾನ, ಪಿಸ್ತೂಲು ನಿಮಿತ್ತಮಾತ್ರ.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ವಾರವಿಡೀ ಕಂಪ್ಯೂಟರ್ ಕುಟ್ಟಿ, ಶನಿವಾರ ಬಂತೆಂದರೆ ಕೈಯಾರೆ ಏನಾದರೂ ಮಾಡಲೇಬೇಕೆಂಬ ತಾಪ ಹತ್ತಿದವನು. 'ಅಂಗಡಿಯಲ್ಲಿ ಕೊಂಡರೆ ದುಬಾರಿ ಕಣೇ' ಎಂದು ಹೆಂಡತಿಯನ್ನು ನಂಬಿಸಿ, ಅಂಗಡಿಯ ಹೋಲ್ಸ್ಟರಿನ ಹಲವು ಪಟ್ಟು ಬೆಲೆಯ ಉಪಕರಣ ತರಿಸಬಲ್ಲವನು. ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ 1919ರಲ್ಲಿ ಶುರುವಾದ ಟ್ಯಾಂಡಿ ಕಂಪನಿ ಚರ್ಮದ ಸಾಮಾನು ಮಾರಿಕೊಂಡು ಇಂದಿಗೂ ಇದೆಯೆಂದರೆ, ಇಂಥ ತಾಪತ್ರಯಿಗಳ ಸಂಖ್ಯೆ ಕಡಿಮೆಯಲ್ಲವೆಂದು ಊಹಿಸಬಹುದು.

ಪೂರ್ವಪಕ್ಷದವರು ಹೇಳುತ್ತಾರೆ: ಪಿಸ್ತೂಲು ಇದ್ದರೆ ತಾನೆ ಹೋಲ್ಸ್ಟರು? ಗುಂಡಿನ ಕಾಳಗ ಇದ್ದರೆ ತಾನೆ ಪಿಸ್ತೂಲು?

ಇದಕ್ಕೆ ಇತಿಹಾಸವೇ ಉತ್ತರ. ಪಶ್ಚಿಮ ಸೀಮೆಯ ಮಹಾ ಗುರಿಕಾರ ವೈಲ್ಡ್ ಬಿಲ್ ಹಿಕಾಕ್ ತನ್ನ ದಂತದ ಹಿಡಿಯ ಕೋಲ್ಟ್ ನೇವಿ ರಿವಾಲ್ವರುಗಳನ್ನು ನಡುಪಟ್ಟಿಗೆ ಸಿಕ್ಕಿಸಿಕೊಂಡು ತಿರುಗುತ್ತಿದ್ದುದಕ್ಕೆ ಹೆಸರಾದವನು. 1881ರ ಅಕ್ಟೋಬರ್ 26ರಂದು ಟೂಮ್‌ಸ್ಟೋನಿನ ಓ.ಕೆ. ಕೊರಾಲ್ ಕಾಳಗಕ್ಕೆ ನಡೆದ ವಯಟ್ ಅರ್ಪ್, ಪಿಸ್ತೂಲು ತನ್ನ ಓವರ್‌ಕೋಟಿನ ಜೇಬಿನಲ್ಲಿತ್ತೆಂದು ವಿಚಾರಣೆಯಲ್ಲಿ ತಾನೇ ಹೇಳಿದ್ದಾನೆ. ಅತ್ತ ಹಾಲಿವುಡ್ಡಿನಲ್ಲಿ ನೋಡಿ. 1950ರ ದಶಕದಲ್ಲಿ ಅರ್ವೋ ಓಯಾಲ ಎಂಬಾತ ಚರ್ಮದ ಪದರಗಳ ನಡುವೆ ಲೋಹದ ತಗಡು ಕೂರಿಸಿ, ಒಳಗಿದ್ದಂತೆಯೇ ರಿವಾಲ್ವರಿನ ಸಿಲಿಂಡರ್ ತಿರುಗುವಂಥ ಹೋಲ್ಸ್ಟರ್ ಮಾಡಿದ. ನಟರು ಕಣ್ಣು ಮಿಟುಕಿಸುವುದರೊಳಗೆ ಪಿಸ್ತೂಲು ಸೆಳೆಯತೊಡಗಿದರು. ಹಾಗಾಗಿ ನಿಜವಾಗಿ ಹೊಡೆದಾಡಿದವರ ಸೊಂಟದಲ್ಲಿ ಹೋಲ್ಸ್ಟರಿಲ್ಲ; ಭಾರಿ ಹೋಲ್ಸ್ಟರ್ ಕಟ್ಟಿದವರ ಪಿಸ್ತೂಲಿನಲ್ಲಿ ಗುಂಡಿಲ್ಲ. ಹೊಗೆ ಇದ್ದಲ್ಲಿ ಬೆಂಕಿ ಎಂಬುದು ಹಳೆಯ ವ್ಯಾಪ್ತಿ. ಚರ್ಮ ಇದ್ದಲ್ಲಿ ಗುಂಡಿಲ್ಲ ಎಂಬುದು ನಮ್ಮದು. (ಸಾವಿರಾರು ಸೈನಿಕರು, ದನಗಾಹಿಗಳು ಹೋಲ್ಸ್ಟರ್ ಕಟ್ಟಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಸಿದ್ಧಾಂತಕ್ಕೆ ಒಗ್ಗದ ಪುರಾವೆಯನ್ನು ಅಡಿಟಿಪ್ಪಣಿಗೆ ತಳ್ಳುವುದು ವಿದ್ವತ್ ಸಂಪ್ರದಾಯ. ಈ ಪ್ರಬಂಧಕ್ಕೆ ಅಡಿಟಿಪ್ಪಣಿಗಳಿಲ್ಲ.)

ಇನ್ನು ಪ್ರಕ್ರಿಯೆ. ಮರದ ತೊಗಟೆಯ ಒಗರಿನಲ್ಲಿ ಹದಗೊಂಡ ದನದ ಚರ್ಮವೇ ಆಗಬೇಕು, ಎಂಟು ಔನ್ಸಿನದು. ಚರ್ಮದ ವ್ಯಾಪಾರಿಗೆ ಔನ್ಸೆಂದರೆ ದಪ್ಪದ ಅಳತೆ, ಇಂಚಿನ 64ನೆಯ ಒಂದು ಭಾಗ. ಎಂಟು ಸೇರಿದರೆ ಸುಮಾರು 3.2 ಮಿಲಿಮೀಟರ್. ಕ್ರೋಮಿನಲ್ಲಿ ಹದ ಮಾಡಿದ ಮೆತ್ತನೆಯ ಚರ್ಮ ವರ್ಜ್ಯ: ಕೊಟ್ಟ ಆಕಾರ ಅದರಲ್ಲಿ ನಿಲ್ಲದು. ಹೊಲಿಗೆ ಜೀನುಗಾರರದು. ಮೇಣ ಹಚ್ಚಿದ ಒಂದೇ ದಾರ, ಅದರ ಎರಡು ತುದಿಗೆ ಎರಡು ಸೂಜಿ. ಒಂದೊಂದು ತೂತಿನಲ್ಲೂ ಎರಡೂ ಎದುರುಬದುರಾಗಿ ಹಾಯಬೇಕು. ಒಂದು ಕಡೆಯ ಎಳೆ ಸವೆದು ಹರಿದರೂ ಇನ್ನೊಂದು ಕಡೆಯದು ಬಿಗಿಹಿಡಿದಿರುತ್ತದೆ. ಸೂಜಿ ಎರಡು, ದಾರ ಒಂದು ಆದ್ದರಿಂದ ಇದು ದ್ವೈತವೋ ಅದ್ವೈತವೋ ಎಂಬ ಜಗಳವನ್ನು ಮೇಲುಕೋಟೆಯವರ ತೀರ್ಪಿಗೆ ಬಿಡಲಾಗಿದೆ.

ಶಾಸ್ತ್ರದ ಗರ್ಭಗುಡಿ ಮುಂದಿದೆ. ಹೊಲಿದ ಚೀಲವನ್ನು ಉಗುರುಬೆಚ್ಚನೆಯ ನೀರಿಗೆ ಅದ್ದಿದರೆ ಗುಳ್ಳೆ ಗುಳ್ಳೆಯಾಗಿ ಗಾಳಿ ಬಿಡುತ್ತದೆ. ತೆಗೆದು ತುಸು ಆರಲು ಬಿಡಬೇಕು. ಮೇಲಿನ ಬಣ್ಣ ತಿಳಿಯಾದರೂ ಒಳಗಿನ್ನೂ ತೇವ ಇರುವ ಹೊತ್ತು ನೋಡಿ, ಗುಂಡು ತೆಗೆದು ಪ್ಲಾಸ್ಟಿಕ್ ಸುತ್ತಿದ ಪಿಸ್ತೂಲನ್ನು ತುರುಕಿ ಹೆಬ್ಬೆರಳಿನಿಂದ ಒತ್ತುತ್ತ ಹೋಗಬೇಕು. ಟ್ರಿಗರಿನ ಸುತ್ತಲ ಕಮಾನು, ನಳಿಗೆಯ ಅಂಚು, ಒಂದೊಂದೇ ಮೇಲೆ ಮೂಡುತ್ತವೆ. ಉಗುರು ಕತ್ತರಿಸಿಕೊಂಡೇ ಕೂರಬೇಕು, ಏಕೆಂದರೆ ಒದ್ದೆ ಚರ್ಮದ ಮೇಲೆ ಬಿದ್ದ ಉಗುರಿನ ಅರ್ಧಚಂದ್ರ ಮತ್ತೆ ಹೋಗುವುದಿಲ್ಲ. ಕೊನೆಗೆ ನುಣುಪಾದ ಮೂಳೆಯ ತುಂಡಿನಿಂದ ಗೆರೆ ತೀಡುವುದು. ಟ್ರಿಗರ್ ಪೂರ್ತಿ ಚರ್ಮದೊಳಗೆ ಮುಚ್ಚಿಹೋಗಬೇಕೆಂಬ ನಿಯಮಕ್ಕೆ ಮಾತ್ರ ಯಾವ ಪಂಥದಲ್ಲೂ ವಿನಾಯಿತಿ ಇಲ್ಲ. ಪಾಂಡಿತ್ಯಕ್ಕೆ ತೊಡೆಯನ್ನು ಬಲಿಕೊಟ್ಟವರು ಭಾಷ್ಯ ಬರೆಯಲು ಕೂರಲಾರರು.

ಇಲ್ಲೊಂದು ಗುಟ್ಟಿದೆ. ಈ ಸಂಸ್ಕಾರಕ್ಕೆ ಅಸಲಿ ಪಿಸ್ತೂಲೇ ಬೇಡ. ಅದೇ ಅಳತೆಯ ನೀಲಿ ಪ್ಲಾಸ್ಟಿಕ್ ಬೊಂಬೆ ಮಾರಾಟಕ್ಕಿದೆ, ಕಸುಬಿನವರು ಅದನ್ನೇ ಬಳಸುತ್ತಾರೆ. ಪಿಸ್ತೂಲಿನ ಸೋಂಕೇ ಇಲ್ಲದೆ ಹೋಲ್ಸ್ಟರ್ ಹುಟ್ಟಬಲ್ಲದೆಂದ ಮೇಲೆ ಪೂರ್ವಪಕ್ಷ ಗಂಟುಮೂಟೆ ಕಟ್ಟತಕ್ಕದ್ದು.

ಶಬ್ದಪ್ರಮಾಣ ಬೇಕೆಂದರೆ ಜೇಮ್ಸ್ ಬಾಂಡ್ ಇದ್ದಾನೆ. ಜೆಫ್ರಿ ಬೂತ್‌ರಾಯ್ಡ್ ಎಂಬ ಬಂದೂಕು ತಜ್ಞ 1956ರಲ್ಲಿ ಇಯಾನ್ ಫ್ಲೆಮಿಂಗ್‌ಗೆ ಪತ್ರ ಬರೆದು, ಬಾಂಡ್‌ಗೆ ರಿವಾಲ್ವರನ್ನೂ ಅದಕ್ಕೆ ಬರ್ನ್ಸ್-ಮಾರ್ಟಿನ್ ಹೋಲ್ಸ್ಟರನ್ನೂ ಶಿಫಾರಸು ಮಾಡಿದ. ಫ್ಲೆಮಿಂಗ್ 1958ರ 'ಡಾಕ್ಟರ್ ನೋ' ಕಾದಂಬರಿಯಲ್ಲಿ ಹೋಲ್ಸ್ಟರನ್ನು ಉಳಿಸಿಕೊಂಡು, ಒಳಗೆ ವಾಲ್ಥರ್ ಪಿಪಿಕೆ ಪಿಸ್ತೂಲು ಇಟ್ಟುಬಿಟ್ಟ. ಆ ಹೋಲ್ಸ್ಟರಿನ ಸ್ಪ್ರಿಂಗು ಹಿಡಿಯುವುದು ರಿವಾಲ್ವರಿನ ದುಂಡು ಸಿಲಿಂಡರನ್ನು, ಪಿಪಿಕೆಗೆ ಅದಿಲ್ಲ. ಬಂದೂಕು ಬಲ್ಲವರು ಇದನ್ನು ಪ್ರಮಾದ ಎನ್ನುತ್ತಾರೆ. ನಾವು ದರ್ಶನ ಎನ್ನುತ್ತೇವೆ: ಹೋಲ್ಸ್ಟರ್ ಸ್ಥಿರ, ಪಿಸ್ತೂಲು ಚರ. 1968ರ 'ಜೇಡರ ಬಲೆ'ಯ ನಮ್ಮ ಸಿ.ಐ.ಡಿ. 999ನ ಸೂಟಿನ ಒಳಗೂ ಪಿಎಚ್.ಡಿ.ಗೆ ಸಾಲುವಷ್ಟು ಜಾಗ ಇದ್ದೀತು.

ಎಣ್ಣೆ ಹಚ್ಚಿ, ಅಂಚು ಉಜ್ಜಿ ಹೊಳಪೇರಿಸಿ ಎಲ್ಲ ಮುಗಿದ ಮೇಲೆ ಅನುಭವಿಗಳು ಕೊಡುವ ಎಚ್ಚರಿಕೆ ಇನ್ನೂ ಸ್ವಾರಸ್ಯದ್ದು. ಚರ್ಮ ತೇವ ಹೀರುತ್ತದೆ, ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಪಿಸ್ತೂಲನ್ನು ಬಹುಕಾಲ ಹೋಲ್ಸ್ಟರಿನೊಳಗೆ ಇಡಬೇಡಿ! ಇಷ್ಟು ಕಷ್ಟಪಟ್ಟು ಕಟ್ಟಿದ ಮನೆಗೆ ಒಡೆಯನಿಗೇ ಪ್ರವೇಶವಿಲ್ಲ.

ಉಳಿದದ್ದು ಅನವಸ್ಥಾ ದೋಷವೊಂದೇ. ಖಾಲಿ ಇದ್ದರೂ ಒಂದು ಕಿಲೋ ದಾಟುವ 1911 ಮಾದರಿಯ ಕೋಲ್ಟ್ ಪಿಸ್ತೂಲಿನ ಭಾರಕ್ಕೆ ಮಾಮೂಲಿ ಬೆಲ್ಟು ಜೋತುಬೀಳುತ್ತದೆ. ಎರಡು ಪದರದ, ಒಂದೂವರೆ ಇಂಚಿನ ಬೆಲ್ಟು ಹೊಲಿಯಬೇಕು. ಹೋಲ್ಸ್ಟರಿಗೆ ಬೆಲ್ಟು, ಬೆಲ್ಟಿಗೆ ಪ್ಯಾಂಟು, ಪ್ಯಾಂಟಿಗೆ ಸೊಂಟ. ಸರಪಳಿಯನ್ನು ಕಡಿಯುವುದು ಅಧಿಕಾರಿಯ ಹೊಟ್ಟೆ. ಬಗ್ಗಿ ನೋಡಿದರೆ ಅವನ ಹೋಲ್ಸ್ಟರು ಅವನಿಗೇ ಕಾಣದು. ಹಾಗಾಗಿ ಗೋಡೆಗೆ ಮೊಳೆ ಹೊಡೆದು ನೇತುಹಾಕುತ್ತಾನೆ, ಬಂದವರಿಗೆ ತೋರಿಸಲೂ ಅನುಕೂಲ. 'ಪಿಸ್ತೂಲೆಲ್ಲಿ?' ಎಂದು ಕೇಳುವ ನೆಂಟನಿಗೆ ಈ ಪ್ರಬಂಧದ ಒಂದು ಪ್ರತಿ ಕೊಡತಕ್ಕದ್ದು.