ಬ್ಯಾಕ್‌ಟೆಸ್ಟ್ ಭಾವಮೈದ

ನನ್ನ ಹೆಂಡತಿಯ ತಮ್ಮ ಶೇರು ಪೇಟೆಯಲ್ಲಿ ಸೋತವನೇ ಅಲ್ಲ. 2025ಕ್ಕಿಂತ ಹಿಂದಿನ ಪೇಟೆಯಲ್ಲಿ ಅಂತ ಸೇರಿಸಿಕೊಳ್ಳಬೇಕು, ಅಷ್ಟೆ. ಆಗ ಅವನು ಪೇಟೆಯಲ್ಲಿ ಇರಲಿಲ್ಲ.

ಇಂಥವನು ಈಗ ಮನೆಗೊಬ್ಬನಿದ್ದಾನೆ. ಬೆಂಗಳೂರಿನಲ್ಲಿ ಐಟಿ ಕೆಲಸ, ಶನಿವಾರ ಗುಂಡ್ಲುಪೇಟೆಗೆ ಬಂದರೂ ಬೆನ್ನ ಮೇಲೆ ಲ್ಯಾಪ್‌ಟಾಪ್. ಶ್ರಾವಣದ ಶನಿವಾರ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟೆವು. ಸ್ವಂತ ಕಾರು ಮೇಲಕ್ಕೆ ಬಿಡುವುದಿಲ್ಲವಲ್ಲ, ಕೆಳಗೆ ಸರ್ಕಾರಿ ಬಸ್ಸಿನ ಕ್ಯೂನಲ್ಲಿ ನಿಂತೆವು. ಅಲ್ಲೇ ಲ್ಯಾಪ್‌ಟಾಪ್ ತೆರೆದ.

"ಭಾವ, ನೋಡಿ. ಹತ್ತು ವರ್ಷದ ಡೇಟಾ."

ಅವನ ಸೂತ್ರವನ್ನು ಹಳೆಯ ಪೇಟೆಯ ಮೇಲೆ ಓಡಿಸಿದರೆ ಬರುವ ಲಾಭದ ಗೆರೆ ಏರುತ್ತಿತ್ತು. 1454 ಮೀಟರ್ ಎತ್ತರದ ಈ ಬೆಟ್ಟದ ರಸ್ತೆಯಾದರೂ ಒಂದೆರಡು ಕಡೆ ಇಳಿದು ಏರುತ್ತದೆ. ಅವನ ಗೆರೆಗೆ ಇಳಿಯುವ ಅಭ್ಯಾಸವೇ ಇಲ್ಲ.

ಮೊದಲು ಇದ್ದದ್ದು ಒಂದೇ ರೂಲ್: ಬೆಲೆ 20 ದಿನದ ಸರಾಸರಿ ದಾಟಿದರೆ ಕೊಳ್ಳುವುದು. ಅದರಲ್ಲಿ ಲಾಭ ಸಾಲಲಿಲ್ಲವಂತೆ, 20 ಹೋಗಿ 17 ಆಯಿತು. ಸೋಮವಾರ ನಷ್ಟ ಕಂಡಿತು, ಸೋಮವಾರಕ್ಕೆ ರಜೆ. ಬೆಳಿಗ್ಗೆ 10.47ಕ್ಕೆ ಮುಂಚೆ ಕೊಳ್ಳಕೂಡದು. ನಿಫ್ಟಿ ಒಂದೇ ದಿನ ಶೇಕಡಾ 6ರ ಹತ್ತಿರ ಬಿದ್ದ 2024ರ ಜೂನ್ 4? "ಅದು ಎಲೆಕ್ಷನ್ ರಿಸಲ್ಟ್ ಭಾವ, ಲೆಕ್ಕಕ್ಕಿಲ್ಲ." ಬ್ಯಾಂಕ್ ನಿಫ್ಟಿಯ ವಾರದ ಎಕ್ಸ್‌ಪೈರಿ 2024ರ ನವೆಂಬರಿನಲ್ಲೇ ನಿಂತುಹೋಯಿತು. ಅದಕ್ಕೆಂದು ಹಾಕಿದ್ದ ಬುಧವಾರದ ಫಿಲ್ಟರ್ ಮಾತ್ರ ಪಾಪ, ಇನ್ನೂ ಕಾದು ಕೂತಿದೆ.

ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. "17 ತೆಗೆದು 18 ಹಾಕಯ್ಯಾ" ಅಂದೆ. ಚಪ್ಪಲಿ ಹಾಕಿಕೊಂಡೇ ಗರ್ಭಗುಡಿಗೆ ಹೋಗೋಣ ಅಂದವನನ್ನು ನೋಡುವಂತೆ ನೋಡಿದ. ಹಾಕಿದ. ಗೆರೆ ಬೆಟ್ಟದ ತುದಿಯಿಂದ ಸೀದಾ ಕೆಳಗಿನ ಹಂಗಳಕ್ಕೆ ಬಂದು ಬಿತ್ತು. ಒಂದು ದಿನ ಆಚೀಚೆಯಾದರೆ ಸಾಯುವ ಸೂತ್ರ ಪೇಟೆಯನ್ನು ಅರಿತದ್ದಲ್ಲ, ಹಳೆಯ ಪೇಟೆಯ ಅಳತೆಗೆ ಹೊಲಿಸಿದ ಅಂಗಿ.

"ಕೊನೆಯ ಎರಡು ವರ್ಷ ಮುಚ್ಚಿಟ್ಟು ಟೆಸ್ಟ್ ಮಾಡು ಅಂದಿದ್ದೆನಲ್ಲ?"

"ಮಾಡಿದೆ ಭಾವ. ಚೆನ್ನಾಗಿ ಬರಲಿಲ್ಲ. ರೂಲ್ ಸರಿ ಮಾಡಿ ಮತ್ತೆ ನೋಡಿದೆ. ಹನ್ನೊಂದನೇ ಸಲಕ್ಕೆ ಬಂತು."

ಹನ್ನೊಂದು ಸಲ ಇಣುಕಿದ ಮೇಲೆ ಮುಚ್ಚಿಟ್ಟದ್ದೇನು ಉಳಿಯಿತು?

ಅವನೊಬ್ಬನನ್ನೇ ಅಂದು ಫಲವಿಲ್ಲ, ಆದದ್ದಕ್ಕೆ ತಕ್ಕಂತೆ ರೂಲ್ ಹೊಲಿಯುವ ಈ ಗುಣ ನಮ್ಮ ಜಿಲ್ಲೆಯ ನೀರಿನಲ್ಲೇ ಇದೆ. ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಎಂಬ ಮಾತಿಗೆ ಹೆದರಿ ಎಷ್ಟೋ ವರ್ಷ ಮುಖ್ಯಮಂತ್ರಿಗಳು ಊರಿಗೆ ಕಾಲಿಡಲಿಲ್ಲ. ಕುಮಾರಸ್ವಾಮಿ 2007ರಲ್ಲಿ ಬಂದರು, ಅದೇ ವರ್ಷ ಇಳಿದರು. ನೋಡಿದಿರಾ ಎಂದರು ಜನ. ಬಾರದೆಯೂ ಕುರ್ಚಿ ಕಳೆದುಕೊಂಡವರನ್ನು ಯಾರೂ ಎಣಿಸಲಿಲ್ಲ. ಆಮೇಲೆ ಸಿದ್ದರಾಮಯ್ಯ ಮತ್ತೆ ಮತ್ತೆ ಬಂದು, 2013ರಿಂದ 2018ರವರೆಗೆ ಐದು ವರ್ಷವೂ ಪೂರೈಸಿದರು.

ಇದನ್ನೆಲ್ಲ ಬಸ್ಸಿನಲ್ಲಿ ಹೇಳಿದೆ. ಭಾವಮೈದ ಗಂಭೀರವಾಗಿ ಯೋಚಿಸಿ, "ರೂಲ್ ಸರಿಯಾಗೇ ಇದೆ ಭಾವ. ಒಂದು ಫಿಲ್ಟರ್ ಬೇಕು. ಮೈಸೂರು ಜಿಲ್ಲೆಯವರನ್ನು ಬಿಟ್ಟು" ಅಂದ.

"ಬಂದು ಕುರ್ಚಿ ಕಳೆದುಕೊಂಡವರ ಪಟ್ಟಿಯಲ್ಲಿ ಹೇಳುವ ದೇವರಾಜ ಅರಸು ಹುಣಸೂರಿನವರಲ್ಲವೇನಯ್ಯಾ?"

"ಹಾಗಾದರೆ 2000ದ ನಂತರ."

ಮೇಲೆ ಮಂಜು ಕವಿದಿತ್ತು. ಹಂಸತೀರ್ಥದಲ್ಲಿ ಮಿಂದ ಕಾಗೆಗಳು ಹಂಸಗಳಾದವು, ಅದಕ್ಕೇ ಈ ಬೆಟ್ಟದಲ್ಲಿ ಕಾಗೆಯಿಲ್ಲ ಎಂದು ಸ್ಥಳಪುರಾಣ. ಅವನ ಲ್ಯಾಪ್‌ಟಾಪಿನಲ್ಲೂ ಒಂದು ಕಾಗೆಯಿಲ್ಲ, ಹತ್ತು ವರ್ಷದ ನಷ್ಟವೆಲ್ಲ ಹಂಸವಾಗಿದೆ. ಮೂರು ವರ್ಷಗಳಲ್ಲಿ ಎಫ್ ಆ್ಯಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಆಡಿದ ಸಾಮಾನ್ಯರ ಪೈಕಿ ನೂರಕ್ಕೆ 93 ಮಂದಿಗೆ ನಷ್ಟ ಎಂದು ಸೆಬಿ 2024ರಲ್ಲಿ ಲೆಕ್ಕ ಕೊಟ್ಟಿತ್ತು. ಅವರಲ್ಲಿ ಎಷ್ಟು ಜನರ ಬಳಿ ಇಂಥ ಗೆರೆಯಿತ್ತೋ!

ನಿಜವಾದ ದುಡ್ಡಿನ ಗತಿ ಏನಾಯಿತೆಂದು ಅವನ ಅಕ್ಕ ದೇವರೆದುರೇ ಕೇಳಿದಳು. ಒಂದು ಲಕ್ಷ ನಲವತ್ತು ಸಾವಿರ ನಷ್ಟ, ಬ್ರೋಕರೇಜ್ ಬೇರೆ. ಇನ್ನು ಆರು ತಿಂಗಳು ದುಡ್ಡು ಹಾಕದೆ, ರೂಲ್ ಮುಟ್ಟದೆ, ಬರೀ ಪುಸ್ತಕದಲ್ಲಿ ಬರೆದು ನೋಡುತ್ತೇನೆಂದು ಗೋಪಾಲಸ್ವಾಮಿಯ ಮುಂದೆ ಆಣೆ ಮಾಡಿದ.

ಆಣೆ ಮಾಡಿ ಒಂದು ವಾರವಾಯಿತು. 17 ಈಗ 19 ಆಗಿದೆ.